ಹೃದಯ ವೈಫಲ್ಯದಲ್ಲಿ ಉಸಿರಾಟದ ಸ್ನಾಯುಬಲ

ಹೃದಯ ವೈಫಲ್ಯವಿರುವವರಲ್ಲಿ ವಪೆ ಮತ್ತು ಪಕ್ಕೆಲುಬುಗಳ ನಡುವಣ ಸ್ನಾಯುಗಳ ಬಲಕ್ಕೂ ಅವರ ಶ್ರಮಸಾಮರ್ಥ್ಯಕ್ಕೂ ಇರುವ ಸಂಬಂಧವನ್ನು ಕುರಿತ ವೈದ್ಯಕೀಯ ಅಧ್ಯಯನ. ಸ್ನಾಯುಬಲ ಕುಗ್ಗುವುದು, ಬಲ ಹೆಚ್ಚಿಸುವುದು, ಹೆಚ್ಚು ದೂರ ನಡೆಯುವುದು ಇವು ಮೂರು ಬೇರೆ ಬೇರೆ ಪ್ರಶ್ನೆಗಳು. ಇವನ್ನು ಒಂದೇ ಎಂದು ಬಗೆದದ್ದರಿಂದ ಬರಹಗಳಲ್ಲಿ ಗೊಂದಲ ಉಳಿದಿದೆ.

ಹಿನ್ನೆಲೆ: ಬಾಯಿಯ ಬಳಿ ಉಸಿರೆಳೆತದ ಗರಿಷ್ಠ ಒತ್ತಡ ಅಳೆಯುವ ವಿಧಾನಕ್ಕೆ 1969ರಲ್ಲಿ ಬ್ಲ್ಯಾಕ್ ಮತ್ತು ಹಯಾಟ್ ವಯಸ್ಸು, ಲಿಂಗಕ್ಕೆ ತಕ್ಕ ಪ್ರಮಾಣಗಳನ್ನು ಒದಗಿಸಿದರು. ಈ ಸ್ನಾಯುಗಳನ್ನೂ ತರಬೇತಿಯಿಂದ ಬಲಪಡಿಸಬಹುದೆಂದು 1976ರಲ್ಲಿ ಲೀತ್ ಮತ್ತು ಬ್ರಾಡ್ಲಿ ಆರೋಗ್ಯವಂತರಲ್ಲಿ ತೋರಿಸಿದರು. ವಿಶ್ರಾಂತಿಯಲ್ಲಿ ಅಳೆದ ಹೃದಯದ ಕಾರ್ಯಕ್ಕೂ ರೋಗಿಯ ಶ್ರಮಸಾಮರ್ಥ್ಯಕ್ಕೂ ತಾಳೆಯಾಗದೆಂಬುದು 1981ರ ಫ್ರಾನ್ಸಿಯೋಸಾ ತಂಡದ ವರದಿಯಿಂದ ತಿಳಿಯಿತು. ದಣಿವು, ಏದುಸಿರುಗಳ ಮೂಲ ದೇಹದ ಸ್ನಾಯುಗಳಲ್ಲೂ ಇದೆ ಎಂಬ ವಾದವನ್ನು ಕೋಟ್ಸ್ ಮತ್ತು ಸಂಗಡಿಗರು 1994ರಲ್ಲಿ ಮಂಡಿಸಿದರು.

ದೌರ್ಬಲ್ಯದ ವಿವಾದ: 1990ರ ದಶಕದ ಹಲವು ಅಧ್ಯಯನಗಳು ಈ ರೋಗಿಗಳಲ್ಲಿ ಉಸಿರೆಳೆತದ ಬಲ ಕಡಿಮೆ ಎಂದವು. ಆದರೆ ಬಾಯಿಯ ಒತ್ತಡದ ಪರೀಕ್ಷೆ ರೋಗಿಯ ಪ್ರಯತ್ನವನ್ನು ಅವಲಂಬಿಸುತ್ತದೆ. ಸುಸ್ತಾದವರು ಪೂರ್ತಿ ಶಕ್ತಿ ಹಾಕದಿದ್ದರೆ ಅಂಕಿ ಇಳಿಯುತ್ತದೆ. 1999ರಲ್ಲಿ ಹ್ಯೂಸ್ ತಂಡ ವಪೆಯ ನರವನ್ನು ಹೊರಗಿನಿಂದ ಪ್ರಚೋದಿಸಿ ಅಳೆದಾಗ ಕಂಡ ಕುಗ್ಗುವಿಕೆ ಅಲ್ಪ. ಇದಕ್ಕೆ ಮುನ್ನವೇ, 1997ರಲ್ಲಿ, ಟಿಕುನೋವ್ ತಂಡ ತೀವ್ರ ವೈಫಲ್ಯದ ರೋಗಿಗಳ ವಪೆಯಲ್ಲಿ ದೀರ್ಘ ದುಡಿಮೆಗೆ ಹೊಂದಿಕೊಂಡ ನಿಧಾನ ತಂತುಗಳು ಹೆಚ್ಚಿರುವುದನ್ನು ಕಂಡಿತ್ತು. ಅಂದರೆ ಸದಾ ಹೆಚ್ಚು ದುಡಿಯುವ ವಪೆ ತಾಳಿಕೆಯನ್ನು ಗಳಿಸಿಯೂ ಬಲದಲ್ಲಿ ಹಿಂದುಳಿಯಬಹುದು. ಹಾಗಿದ್ದೂ ಬಾಯಿಯ ಒತ್ತಡದ ಅಳತೆಯ ಬೆಲೆ ತಗ್ಗಲಿಲ್ಲ: ಆ ಒತ್ತಡ ಕಡಿಮೆಯಿದ್ದವರ ಬದುಕುಳಿಯುವ ಸಾಧ್ಯತೆಯೂ ಕಡಿಮೆ ಎಂದು 2001ರಲ್ಲಿ ಜರ್ಮನಿಯ ಮೇಯರ್ ತಂಡ ವರದಿ ಮಾಡಿತು.

ತರಬೇತಿಯ ಪ್ರಯೋಗಗಳು: 1995ರಲ್ಲಿ ಮ್ಯಾನ್ಸಿನಿ ತಂಡ ಉಸಿರಾಟದ ತರಬೇತಿಯಿಂದ ಶ್ರಮಸಾಮರ್ಥ್ಯ ಸುಧಾರಿಸಿತೆಂದಿತು; ತರಬೇತಿ ಪೂರೈಸಿದವರು 8 ಮಂದಿ ಮಾತ್ರ. 1998ರ ನಾಟಿಂಗ್‌ಹ್ಯಾಮ್ ಪ್ರಯೋಗದಲ್ಲಿ ಬಲ ಹೆಚ್ಚಿತು, ಶ್ರಮಸಾಮರ್ಥ್ಯ ಗಮನಾರ್ಹವಾಗಿ ಹೆಚ್ಚಲಿಲ್ಲ. ತಿರುವು ಬಂದದ್ದು 2006ರಲ್ಲಿ, ಬ್ರೆಜಿಲ್‌ನ ಪೋರ್ಟೊ ಅಲೆಗ್ರೆಯಿಂದ. ದಲ್ ಆಗೊ ತಂಡ ನಿರೀಕ್ಷಿತ ಬಲದ 70%ಕ್ಕಿಂತ ಕಡಿಮೆಯಿದ್ದ 32 ಮಂದಿಯನ್ನಷ್ಟೇ ಆರಿಸಿಕೊಂಡು ಎರಡು ಗುಂಪು ಮಾಡಿತು. ಒಂದು ಗುಂಪು ದಿನಕ್ಕೆ 30 ನಿಮಿಷದಂತೆ 12 ವಾರ, ಗರಿಷ್ಠ ಒತ್ತಡದ 30% ಹೊರೆಯ ಎದುರು ಉಸಿರೆಳೆಯಿತು. ಅವರ ಸ್ನಾಯುಬಲ 115%, ಆಮ್ಲಜನಕ ಬಳಕೆಯ ಗರಿಷ್ಠ ಮಟ್ಟ 17%, 6 ನಿಮಿಷದ ನಡಿಗೆಯ ದೂರ 19% ಏರಿದವು. ಯಾರನ್ನು ಆರಿಸಬೇಕೆಂಬುದೇ ಫಲಿತಾಂಶವನ್ನು ನಿರ್ಧರಿಸುತ್ತದೆ ಎಂಬುದು ಇಲ್ಲಿಂದ ಮುಂದೆ ಮುಖ್ಯ ವಿಚಾರವಾಯಿತು.

ಕಾರಣ: ಉಸಿರಾಟದ ಸ್ನಾಯುಗಳು ದಣಿದಾಗ ನರಗಳ ಪ್ರತಿಕ್ರಿಯೆಯಿಂದ ಕೈಕಾಲುಗಳ ರಕ್ತನಾಳಗಳು ಕುಗ್ಗಿ ಅಲ್ಲಿನ ರಕ್ತಪ್ರವಾಹ ಇಳಿಯುತ್ತದೆ. ತರಬೇತಿಯ ನಂತರ ಈ ಇಳಿಕೆ ತಗ್ಗಿತೆಂದು 2008ರಲ್ಲಿ ಕಿಯಾಪ್ಪ ತಂಡ ದಾಖಲಿಸಿತು.

ಮುಂದಿನ ಬೆಳವಣಿಗೆ: ಉಸಿರಾಟದ ತರಬೇತಿಯ ಬಳಕೆ ಹೃದಯ ವೈಫಲ್ಯದಾಚೆಗೂ ಹರಡಿತು. ಬೈಪಾಸ್ ಶಸ್ತ್ರಚಿಕಿತ್ಸೆಗೆ ಮುನ್ನ ಇದನ್ನು ಪಡೆದ ಹೆಚ್ಚಿನ ಅಪಾಯದ ರೋಗಿಗಳಲ್ಲಿ ಶ್ವಾಸಕೋಶದ ತೊಡಕುಗಳು 35%ರ ಬದಲು 18% ಇದ್ದವೆಂದು 2006ರ ಡಚ್ ಪ್ರಯೋಗ ತಿಳಿಸಿತು. ಯುರೋಪಿನ ತಜ್ಞರ 2011ರ ಹೇಳಿಕೆ ಈ ತರಬೇತಿಗೆ ಹೃದಯ ವೈಫಲ್ಯದ ವ್ಯಾಯಾಮ ಕ್ರಮಗಳಲ್ಲಿ ಸ್ಥಾನ ಕೊಟ್ಟಿತು. ಇದು ನಡಿಗೆಗೆ ಬದಲಿಯಲ್ಲ, ಪೂರಕ. ಉಸಿರೆಳೆತದ ಬಲವನ್ನು ಮೊದಲು ಅಳೆದು, ಕುಗ್ಗಿರುವವರಿಗೆ ಕೊಟ್ಟಾಗಲೇ ಇದರ ಪ್ರಯೋಜನಕ್ಕೆ ಹೆಚ್ಚು ಗಟ್ಟಿಯಾದ ಆಧಾರವಿದೆ.