ಆಕ್ರಮಿತ ನೆಲದ ನಾಗರಿಕರು ಮತ್ತು ಅಂತಾರಾಷ್ಟ್ರೀಯ ಕಾನೂನು: ಎಲೋನ್ ಮೊರೆ ತೀರ್ಪಿನ ಮಿತಿ

ಒಂದು ದೇಶದ ಸೈನ್ಯ ಮತ್ತೊಂದು ನಾಡನ್ನು ಹಿಡಿದು ಆಳತೊಡಗಿದ ಮಾತ್ರಕ್ಕೆ ಆ ನಾಡಿನ ಒಡೆತನ ಅದಕ್ಕೆ ಬರುವುದಿಲ್ಲ. 1907ರ ಹೇಗ್ ನಿಯಮಾವಳಿಯ ತಳಹದಿ ಇದು. ಅದರ 43ನೆಯ ವಿಧಿಯಂತೆ ಆಕ್ರಮಿಸಿದ ಸೈನ್ಯ ಅಲ್ಲಿನ ಜನಜೀವನವನ್ನು ಸುವ್ಯವಸ್ಥೆಗೆ ತರಬೇಕು. ತೀರಾ ಅಸಾಧ್ಯವಾದ ಹೊರತು ಆ ನೆಲದ ಕಾನೂನನ್ನೇ ಮನ್ನಿಸಬೇಕು. ಖಾಸಗಿ ಆಸ್ತಿಯನ್ನು ಮುಟ್ಟುಗೋಲು ಹಾಕಿಕೊಳ್ಳಬಾರದೆಂದು 46ನೆಯ ವಿಧಿ ಹೇಳುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಆಕ್ರಮಿತ ಯುರೋಪು ಕಂಡ ಗಡೀಪಾರು, ಒತ್ತೆಯಾಳುಗಳ ಹತ್ಯೆ, ಊರಿಗೆ ಊರನ್ನೇ ದಂಡಿಸುವ ಕ್ರೌರ್ಯಗಳೆದುರು ಈ ರಕ್ಷಣೆ ಸಾಲದಾಯಿತು.

ಆದ್ದರಿಂದ 1949ರ ನಾಲ್ಕನೆಯ ಜಿನೀವಾ ಒಪ್ಪಂದ ಆಸ್ತಿಗಿಂತ ಮನುಷ್ಯನನ್ನು ಮುಂದಿಟ್ಟಿತು. ಸಾಮೂಹಿಕ ದಂಡನೆಯನ್ನು ಅದರ 33ನೆಯ ವಿಧಿ ನಿಷೇಧಿಸಿತು. ಆಹಾರ, ಔಷಧಿಗಳ ಹೊಣೆಯನ್ನು 55ನೆಯ ವಿಧಿ ಆಕ್ರಮಿಸಿದವರ ಮೇಲೆಯೇ ಹೊರಿಸಿತು. ನಿವಾಸಿಗಳನ್ನು ಬಲವಂತವಾಗಿ ಹೊರಗಟ್ಟುವುದನ್ನೂ ಆಕ್ರಮಿಸಿದ ದೇಶ ತನ್ನ ಪ್ರಜೆಗಳನ್ನು ತಂದು ಅಲ್ಲಿ ನೆಲೆಗೊಳಿಸುವುದನ್ನೂ 49ನೆಯ ವಿಧಿ ತಡೆಯಿತು.

ಈ ಎರಡು ಕಟ್ಟಳೆಗಳಲ್ಲಿ ಒಂದನ್ನು ಹಿಡಿದು ಇನ್ನೊಂದನ್ನು ಬಿಟ್ಟರೆ ಏನಾಗುತ್ತದೆಂಬುದಕ್ಕೆ 1967ರ ಯುದ್ಧದಲ್ಲಿ ಇಸ್ರೇಲ್ ಜೋರ್ಡಾನಿನಿಂದ ಹಿಡಿದ ಪಶ್ಚಿಮ ದಂಡೆಯಷ್ಟು ಸ್ಪಷ್ಟವಾದ ನಿದರ್ಶನ ಬೇರೊಂದಿಲ್ಲ. ಅಲ್ಲಿ ವಸಾಹತು ಕಟ್ಟುವುದು 49ನೆಯ ವಿಧಿಗೆ ವಿರುದ್ಧವೆಂದು ಇಸ್ರೇಲಿನ ವಿದೇಶಾಂಗ ಇಲಾಖೆಯ ಕಾನೂನು ಸಲಹೆಗಾರ ಥಿಯೊಡೊರ್ ಮೆರೊನ್ 1967ರ ಸೆಪ್ಟೆಂಬರಿನಲ್ಲೇ ಲಿಖಿತ ಅಭಿಪ್ರಾಯ ನೀಡಿದ್ದರು. ಸರ್ಕಾರ ಅದನ್ನು ಬದಿಗಿರಿಸಿತು. ಜೋರ್ಡಾನಿಗೆ ಆ ನೆಲದ ಮೇಲೆ ಮಾನ್ಯವಾದ ಸಾರ್ವಭೌಮತ್ವವಿರಲಿಲ್ಲ, ಹಾಗಾಗಿ ಒಪ್ಪಂದ ಕಾನೂನಿನಂತೆ ಅನ್ವಯಿಸದು ಎಂಬುದು ಅದರ ವಾದ.

1979ರಲ್ಲಿ ನಾಬ್ಲಸ್ ಸಮೀಪದ ರುಜೇಬ್ ಹಳ್ಳಿಯ ಸುಮಾರು 700 ದುನಮ್, ಅಂದರೆ 170 ಎಕರೆಗೂ ಮಿಕ್ಕ ಜಮೀನನ್ನು ಎಲೋನ್ ಮೊರೆ ವಸಾಹತಿಗಾಗಿ ಸೈನ್ಯ ವಶಪಡಿಸಿಕೊಂಡಿತು. ಭೂಮಾಲೀಕರು ಇಸ್ರೇಲಿನ ಸುಪ್ರೀಂ ಕೋರ್ಟಿಗೆ ಹೋದರು. ಭದ್ರತೆಗೆ ಈ ಜಾಗ ಬೇಕೇಬೇಕೆಂದು ಸೇನಾ ಮುಖ್ಯಸ್ಥ ರಫಾಯೆಲ್ ಐತನ್ ಹೇಳಿದರೆ, ಮಾಜಿ ಸೇನಾ ಮುಖ್ಯಸ್ಥ ಹೈಮ್ ಬಾರ್ ಲೆವ್ ಅದನ್ನು ಅಲ್ಲಗಳೆದು ಪ್ರಮಾಣಪತ್ರ ಸಲ್ಲಿಸಿದರು. ತಾವು ಬಂದಿರುವುದು ಧಾರ್ಮಿಕ ಹಕ್ಕಿನಿಂದ, ಶಾಶ್ವತವಾಗಿ ನೆಲೆಸಲು ಎಂದು ವಸಾಹತಿಗರೇ ಹೇಳಿಕೊಂಡರು. ತಾತ್ಕಾಲಿಕ ಸೈನಿಕ ಆಡಳಿತ ತನ್ನ ಅವಧಿ ಮೀರಿ ಉಳಿಯುವ ವಸಾಹತಿಗಾಗಿ ಖಾಸಗಿ ಜಮೀನು ಕಸಿಯುವಂತಿಲ್ಲವೆಂದು ನ್ಯಾಯಾಲಯ ಆದೇಶವನ್ನು ರದ್ದುಗೊಳಿಸಿತು.

ತೀರ್ಪು ದಿಟ್ಟವಾದದ್ದು, ಆದರೆ ಅದು ನಿಂತದ್ದು ಹೇಗ್ ನಿಯಮಾವಳಿಯ ಮೇಲೆ ಮಾತ್ರ. 49ನೆಯ ವಿಧಿ ಸಂಸತ್ತಿನ ಶಾಸನದ ಮೂಲಕ ದೇಶದ ಕಾನೂನಿನೊಳಗೆ ಬಂದಿಲ್ಲವೆಂದು ನ್ಯಾಯಾಲಯ ಅದನ್ನು ಜಾರಿಗೊಳಿಸಲಿಲ್ಲ. ಹೀಗಾಗಿ ವಸಾಹತು ಸರಿಯೇ ಎಂಬ ಪ್ರಶ್ನೆ ಜಮೀನು ಯಾರದ್ದು ಎಂಬ ಪ್ರಶ್ನೆಯಾಗಿ ಕಿರಿದಾಯಿತು. ರೈತರಿಗೆ ಹೊಲ ಮರಳಿತು. ಎಲೋನ್ ಮೊರೆ ಬೇರೊಂದು ಬೆಟ್ಟಕ್ಕೆ ಸ್ಥಳಾಂತರಗೊಂಡಿತು. ಮುಂದೆ ಸರ್ಕಾರ 1858ರ ಒಟ್ಟೋಮನ್ ಭೂ ಸಂಹಿತೆಯ ಮೊರೆ ಹೊಕ್ಕು, ಸಾಗುವಳಿ ನಿಂತ ಜಮೀನುಗಳನ್ನು ಸರ್ಕಾರಿ ಭೂಮಿಯೆಂದು ಘೋಷಿಸತೊಡಗಿತು. ಭೂ ನೋಂದಣಿ 1967ರ ವೇಳೆಗೆ ಪಶ್ಚಿಮ ದಂಡೆಯ ಮೂರನೆಯ ಒಂದು ಭಾಗದಷ್ಟರಲ್ಲಿ ಮಾತ್ರ ಮುಗಿದಿತ್ತು. ಮರುವರ್ಷ ಸೈನಿಕ ಆದೇಶ ಅದನ್ನೂ ತಡೆಹಿಡಿದಿತ್ತು. ತಲೆಮಾರುಗಳಿಂದ ಉತ್ತವನಿಗೂ ಒಡೆತನ ಸಾಬೀತುಪಡಿಸುವುದು ಇದರಿಂದ ದುಸ್ತರವಾಯಿತು.

ಬದಿಗಿಟ್ಟ ಪ್ರಶ್ನೆಗೆ ಅಂತಾರಾಷ್ಟ್ರೀಯ ನ್ಯಾಯಾಲಯ 2004ರ ಜುಲೈ 9ರಂದು ಉತ್ತರಿಸಿತು: ಜಿನೀವಾ ಒಪ್ಪಂದ ಅಲ್ಲಿ ಅನ್ವಯಿಸುತ್ತದೆ, ವಸಾಹತುಗಳು ಕಾನೂನುಬಾಹಿರ. 2024ರ ಜುಲೈ 19ರ ಸಲಹಾ ಅಭಿಪ್ರಾಯ ಇನ್ನೂ ಮುಂದೆ ಹೋಗಿ, ಆಕ್ರಮಿತ ಪ್ಯಾಲೆಸ್ಟೀನ್ ಪ್ರದೇಶದಲ್ಲಿ ಇಸ್ರೇಲಿನ ಇರವೇ ಕಾನೂನುಬಾಹಿರ, ಅದು ಸಾಧ್ಯವಾದಷ್ಟು ಬೇಗ ಕೊನೆಗೊಳ್ಳಬೇಕು, ಹಾನಿಗೊಳಗಾದವರಿಗೆ ಪರಿಹಾರ ಸಲ್ಲಬೇಕು ಎಂದಿತು.