ಅಂಗಳದ ಕಿಲ್ಲಾ, ಅಳತೆಯ ಕಿಲ್ಲಾ

ದೀಪಾವಳಿಗೆ ಇನ್ನೂ ಎಂಟು-ಹತ್ತು ದಿನ ಇರುವಾಗಲೇ ಶಿರೋಳದ ಓಣಿಗಳಲ್ಲಿ ಹುಡುಗರ ಮೊಳಕೈವರೆಗೆ ಕೆಸರು ಮೆತ್ತಿರುತ್ತದೆ. ಒಡೆದ ಇಟ್ಟಿಗೆ, ಬದುವಿನ ಕಲ್ಲು, ಅಜ್ಜಿಯ ಕಣ್ಣು ತಪ್ಪಿಸಿ ಎತ್ತಿ ತಂದ ಹಳೆಯ ಗೋಣಿಚೀಲ, ಬುಟ್ಟಿಗಟ್ಟಲೆ ಮಣ್ಣು. ಇಷ್ಟು ಸೇರಿದರೆ ಅಂಗಳದ ಮೂಲೆಯಲ್ಲಿ ಒಂದು ಕಿಲ್ಲಾ ಏಳುತ್ತದೆ. ಕಲ್ಲಿನ ಗುಡ್ಡೆಯ ಮೇಲೆ ಒದ್ದೆ ಗೋಣಿ ಹೊದಿಸಿ, ಅದಕ್ಕೆ ಕೆಸರು ಬಳಿದು, ಸಾಸಿವೆ ಇಲ್ಲವೆ ಆಳ್ವಿ ಬೀಜ ಚೆಲ್ಲಿ, ದಿನಕ್ಕೆರಡು ಸಲ ನೀರು ಚಿಮುಕಿಸಿದರೆ ನರಕ ಚತುರ್ದಶಿಯ ಹೊತ್ತಿಗೆ ಗುಡ್ಡ ಹಸಿರಾಗುತ್ತದೆ. ತುದಿಯ ಸಿಂಹಾಸನದಲ್ಲಿ ಕುಂಬಾರರು ಮಾಡಿದ ಶಿವಾಜಿ ಮಹಾರಾಜರು. ಮೆಟ್ಟಿಲ ಇಕ್ಕೆಲದಲ್ಲಿ ಈಟಿ ಹಿಡಿದ ಮಾವಳರು. ಮನೆಯಲ್ಲಿ ಕನ್ನಡ ಆಡುವ ಹುಡುಗ, ಮರಾಠಿ ಆಡುವ ಹುಡುಗ ಇಬ್ಬರೂ ಒಂದೇ ಬಕೆಟ್ಟಿನ ಕೆಸರಿಗೆ ಕೈ ಹಾಕುತ್ತಾರೆ.

ಇದನ್ನು ಮಕ್ಕಳಾಟ ಎಂದು ನೀವು ನೋಡಿ ಮುಂದೆ ಹೋಗಿರಬಹುದು. ಸ್ವಲ್ಪ ನಿಲ್ಲಿ. ಪ್ಲಾಸ್ಟಿಕ್ಕಿನ ವಿಮಾನ, ಹಡಗು, ಟ್ಯಾಂಕುಗಳ ಬಿಡಿಭಾಗ ಕೊಂಡು ತಂದು, ಅಂಟಿಸಿ, ಬಣ್ಣ ಕೊಟ್ಟು, ನೆಲ-ಗಿಡ-ಗೋಡೆ ಮಾಡಿ ಅದರ ನಡುವೆ ಇಡುವ ಹವ್ಯಾಸಕ್ಕೆ ಹೊರದೇಶಗಳಲ್ಲಿ ದೊಡ್ಡವರೇ ವರ್ಷಗಟ್ಟಲೆ ಬಿಡುವು ಕೊಡುತ್ತಾರೆ. ಹಾಗೆ ಕಟ್ಟಿದ ದೃಶ್ಯಕ್ಕೆ ಡಯೋರಾಮಾ ಎನ್ನುತ್ತಾರೆ. 1822ರಲ್ಲಿ ಪ್ಯಾರಿಸ್ಸಿನಲ್ಲಿ ಡಾಗೇರ್ ಎಂಬವನು ಬೃಹತ್ ಪರದೆಗಳ ಮೇಲೆ ಚಿತ್ರ ಬರೆಸಿ, ಬೆಳಕು ಬದಲಿಸಿ ಹಗಲು ರಾತ್ರಿ ತೋರಿಸುತ್ತಿದ್ದ. ಆ ಪ್ರದರ್ಶನದ ಹೆಸರೇ ಮುಂದೆ ಈ ಪುಟ್ಟ ದೃಶ್ಯಗಳಿಗೂ ಅಂಟಿತು. ನಮ್ಮ ಓಣಿಯ ಕಿಲ್ಲಾ ಅದೇ ಜಾತಿಯದು. ಅದಕ್ಕೆ ಇಲ್ಲದ್ದು ಒಂದೇ: ಅಳತೆ.

ನಮ್ಮ ಕಿಲ್ಲಾಗಳನ್ನು ನೆನೆಸಿಕೊಳ್ಳಿ. ಗುಹೆಯಲ್ಲಿ ಕುದುರೆಗಿಂತ ದೊಡ್ಡ ಹುಲಿ. ಮಹಾದ್ವಾರದ ಎತ್ತರ ಕಾವಲುಗಾರನ ಮೊಣಕಾಲಿನಷ್ಟು. ಕೆರೆ ಎಂದರೆ ಮಣ್ಣಲ್ಲಿ ಹುಗಿದ ಬೋಗುಣಿ, ಅದರಲ್ಲಿ ಬಾತುಕೋಳಿ. ಒಮ್ಮೊಮ್ಮೆ ತಳದಲ್ಲಿ ಒಂದು ಹೆಲಿಕಾಪ್ಟರೂ ಇಳಿದಿರುತ್ತದೆ. ನನಗೆ ಆ ಹೆಲಿಕಾಪ್ಟರಿನ ಮೇಲೆ ಕೋಪವಿಲ್ಲ. ಎಂಟು ವರ್ಷದ ಹುಡುಗನ ಬಳಿ ಇದ್ದ ಒಳ್ಳೆಯ ಸಾಮಾನು ಅದೇ, ಮಹಾರಾಜರಿಗೆ ಅದನ್ನೇ ಅರ್ಪಿಸಿದ್ದಾನೆ. ಆದರೆ ಹನ್ನೆರಡು-ಹದಿಮೂರರ ಹುಡುಗ ಹುಡುಗಿಯರಿಗೆ ಇನ್ನೊಂದು ಮೆಟ್ಟಿಲು ತೋರಿಸುವವರು ಬೇಕು. ಇಲ್ಲದಿದ್ದರೆ ಅವರು ಕಿಲ್ಲಾ ಬಿಡುತ್ತಾರೆ. ಪೇಟೆಯಲ್ಲಿ ಈಗ ಪ್ಲಾಸ್ಟರಿನ ಸಿದ್ಧ ಕಿಲ್ಲಾ ಸಿಗುತ್ತದೆ. ತಂದು ಕಟ್ಟೆಯ ಮೇಲೆ ಇಟ್ಟರೆ ಮುಗಿಯಿತು. ಅದು ಯಾವ ಗಡ ಎಂದು ಕೇಳಿದರೆ ಮಾರುವವನಿಗೂ ಹೇಳಲು ಬಾರದು.

ಪ್ಲಾಸ್ಟಿಕ್ ಮಾದರಿಗಳ ಚರಿತ್ರೆ ತೀರ ಹಳೆಯದೇನಲ್ಲ. 1936ರಲ್ಲಿ ಇಂಗ್ಲೆಂಡಿನ ಫ್ರಾಗ್ ಎಂಬ ಹೆಸರಿನವರು ‘ಪೆಂಗ್ವಿನ್’ ಮಾಲಿಕೆಯಲ್ಲಿ ವಿಮಾನಗಳ ಬಿಡಿಭಾಗಗಳನ್ನು ಪೆಟ್ಟಿಗೆಯಲ್ಲಿಟ್ಟು ಮಾರಿದರು. ಪ್ರಮಾಣ 72ಕ್ಕೆ 1, ಎಂದರೆ ಆರಡಿ ಆಳು ಒಂದು ಅಂಗುಲ. ಆಗಿನ ಪ್ಲಾಸ್ಟಿಕ್ ಕಾಲ ಕಳೆದಂತೆ ಸೊಟ್ಟಗಾಗುತ್ತಿತ್ತು. ಪಾಲಿಸ್ಟೈರೀನ್ ಬಂದ ಮೇಲೆ ಕೆಲಸ ಸುಲಭವಾಯಿತು. ಕಾಯಿಸಿ ಕರಗಿಸಿದ ಪ್ಲಾಸ್ಟಿಕ್ಕನ್ನು ಉಕ್ಕಿನ ಅಚ್ಚಿನೊಳಗೆ ಒತ್ತಡದಿಂದ ತುಂಬಿದರೆ ಕೂದಲೆಳೆಯಂಥ ಗೆರೆಯೂ ಮೂಡುತ್ತದೆ. ಅಂಟು ಹಚ್ಚಿದರೆ ಎರಡೂ ಅಂಚು ಕರಗಿ ಒಂದಕ್ಕೊಂದು ಬೆಸೆಯುತ್ತವೆ. 1952ರಲ್ಲಿ ಇಂಗ್ಲೆಂಡಿನ ಏರ್‌ಫಿಕ್ಸ್‌ನವರು ‘ಗೋಲ್ಡನ್ ಹೈಂಡ್’ ಎಂಬ ಪುಟ್ಟ ಹಡಗನ್ನು ಎರಡು ಶಿಲ್ಲಿಂಗಿಗೆ ಮಾರಿದರು. ಹುಡುಗರ ಕಿಸೆಗೆ ನಿಲುಕುವ ಬೆಲೆ.

ನಡುವೆ ಒಂದು ಯುದ್ಧ ಬಂದುಹೋಯಿತು. 1942ರಲ್ಲಿ ಅಮೆರಿಕದ ನೌಕಾದಳ ಶಾಲೆಯ ಮಕ್ಕಳಿಗೆ 5 ಲಕ್ಷ ವಿಮಾನದ ಮಾದರಿಗಳನ್ನು ಮಾಡಿಕೊಡಲು ಕೇಳಿತು. ಗುಂಡು ಹಾರಿಸುವವನಿಗೆ ಆಕಾಶದಲ್ಲಿ ಬರುವುದು ತನ್ನವರ ವಿಮಾನವೋ ಪರರದೋ ಎಂದು ಕಣ್ಣು ಪಳಗಬೇಕಿತ್ತು. 72ಕ್ಕೆ 1ರ ಮಾದರಿಯನ್ನು 35 ಅಡಿ ದೂರದಿಂದ ನೋಡಿದರೆ ನಿಜವಾದ ವಿಮಾನವನ್ನು ಸುಮಾರು ಅರ್ಧ ಮೈಲಿನಿಂದ ನೋಡಿದ ಹಾಗೆ. 35ನ್ನು 72ರಿಂದ ಗುಣಿಸಿ, ನಿಮಗೇ ತಿಳಿಯುತ್ತದೆ. ಅಳತೆ ಎಂಬುದು ಅಲಂಕಾರವಲ್ಲ. ಅದು ದೂರದ್ದನ್ನು ಹತ್ತಿರ ತರುವ ಲೆಕ್ಕ.

ಅಳತೆ ಹುಟ್ಟುವ ರೀತಿ ಮಾತ್ರ ಕೆಲವು ಸಲ ನಗು ತರಿಸುತ್ತದೆ. ಜಪಾನಿನ ಶಿಜುವೋಕಾದ ತಮಿಯಾ ಕಂಪನಿ ಮೊದಲು ಮರದ ವ್ಯಾಪಾರ ಮಾಡುತ್ತಿತ್ತು. 1961ರ ಸುಮಾರಿಗೆ ಅವರು ಮೋಟರಿನಿಂದ ಓಡುವ ಟ್ಯಾಂಕಿನ ಮಾದರಿ ಮಾಡಹೋದಾಗ ಒಳಗೆ ಬ್ಯಾಟರಿ ಸೆಲ್ಲುಗಳು ಹಿಡಿಯಬೇಕಿತ್ತು. ಹಿಡಿಯುವಷ್ಟು ದೊಡ್ಡದಾಗಿ ಮಾಡಿ ಆಮೇಲೆ ಲೆಕ್ಕ ಹಾಕಿದರೆ ಅದು 35ಕ್ಕೆ 1 ಆಗಿತ್ತು! ಸೈನ್ಯದ ಮಾದರಿಗಳಿಗೆ ಇಂದು ಜಗತ್ತಿನಲ್ಲೆಲ್ಲ ಹೆಚ್ಚು ಬಳಕೆಯಲ್ಲಿರುವ ಪ್ರಮಾಣ ಅದೇ. ಹಾಗಾದರೆ ನಮ್ಮ ಕುಂಬಾರನ ಅಚ್ಚೇ ನಮ್ಮ ಪ್ರಮಾಣ ಎಂದು ಹಿಡಿಯಲು ಸಂಕೋಚವೇಕೆ?

ಹಿಡಿಯೋಣ. ನಿಮ್ಮ ಮಾವಳ ಮೂರು ಅಂಗುಲ ಎತ್ತರ ಇದ್ದಾನೆ ಎನ್ನಿ. ಐದೂವರೆ ಅಡಿ ಆಳು ಎಂದರೆ 66 ಅಂಗುಲ. ಮೂರರಿಂದ ಭಾಗಿಸಿದರೆ 22. ನಿಮ್ಮ ಕಿಲ್ಲಾದ ಪ್ರಮಾಣ 22ಕ್ಕೆ 1. ಈಗ ನಮ್ಮ ಜಿಲ್ಲೆಯದೇ ಆದ ಪನ್ಹಾಳಗಡವನ್ನು ತೆಗೆದುಕೊಳ್ಳಿ. ಅದರ ಕೋಟೆಗೋಡೆ ಸುಮಾರು 7 ಕಿ.ಮೀ. ಉದ್ದ. 22ರಿಂದ ಭಾಗಿಸಿದರೂ 318 ಮೀಟರು! ನಿಮ್ಮ ಅಂಗಳವೇನು, ಓಣಿಯೇ ಸಾಲದು. ಇಡೀ ಗಡವನ್ನು ಎರಡು ಹೆಜ್ಜೆ ಜಾಗದಲ್ಲಿ ಕೂಡಿಸಬೇಕೆಂದರೆ ಮಾವಳ ಸಾಸಿವೆ ಕಾಳಿಗಿಂತ ಸಣ್ಣವನಾಗಬೇಕು. ಇಲ್ಲಿಗೆ ಬಂದಾಗ ಹುಡುಗ ತಲೆ ಕೆರೆಯುತ್ತಾನೆ. ಕೆರೆಯಲಿ. ‘ಎಲ್ಲವನ್ನೂ ಮಾಡಲಾಗದು, ಏನನ್ನು ಮಾಡಲಿ?’ ಎಂಬ ಪ್ರಶ್ನೆ ಅವನಿಗೆ ಆಗ ಹುಟ್ಟುತ್ತದೆ. ಇತಿಹಾಸ ಬರೆಯುವವರ ಮುಂದೆ ಕೂಡ ಇದೇ ಪ್ರಶ್ನೆ ಇರುತ್ತದೆ.

ಅವನು ತೀನ ದರವಾಜಾ ಒಂದನ್ನೇ ಆರಿಸಬಹುದು. ಕೊಲ್ಹಾಪುರದಿಂದ ಪನ್ಹಾಳಕ್ಕೆ 20 ಕಿ.ಮೀ. ದಾರಿ. ಒಂದು ರವಿವಾರ ಹೋಗಿ, ಬಾಗಿಲ ಪಕ್ಕದಲ್ಲಿ ಗೆಳೆಯನನ್ನು ನಿಲ್ಲಿಸಿ ಫೋಟೋ ತೆಗೆದರೆ ಸಾಕು; ಬಾಗಿಲು ಗೆಳೆಯನ ಎಷ್ಟು ಪಟ್ಟು ಎಂದು ಎಣಿಸಿದರೆ ಎತ್ತರ ಸಿಕ್ಕಿತು. ಮೂರಂತಸ್ತಿನ ಅಂಧಾರ ಬಾವಡಿಯನ್ನು ಮಾಡಬಹುದು. ಧಾನ್ಯ ತುಂಬಿಡುತ್ತಿದ್ದ ಅಂಬರಖಾನೆಯ ಗಂಗಾ ಕೋಠಿಯನ್ನು ಮಾಡಬಹುದು. ಮಾಡುತ್ತ ಮಾಡುತ್ತ, ಇಷ್ಟು ದೊಡ್ಡ ಕಣಜ ಯಾಕೆ ಎಂದು ಕೇಳಿಯೇ ಕೇಳುತ್ತಾನೆ. ಆಗ 1660ರ ಮುತ್ತಿಗೆಯ ಕತೆ ಹೇಳಿ. ಬಿಜಾಪುರದ ಸಿದ್ದಿ ಜೌಹರ ತಿಂಗಳುಗಟ್ಟಲೆ ಗಡವನ್ನು ಸುತ್ತುವರಿದಿದ್ದು, ಜುಲೈ ತಿಂಗಳ ಮಳೆಯ ರಾತ್ರಿ ಮಹಾರಾಜರು ಸುಮಾರು 600 ಜನರೊಂದಿಗೆ ವಿಶಾಳಗಡದ ಕಡೆ ಹೊರಟಿದ್ದು, ಅವರ ವೇಷ ತೊಟ್ಟು ಇನ್ನೊಂದು ಪಲ್ಲಕ್ಕಿಯಲ್ಲಿ ಕುಳಿತ ಕ್ಷೌರಿಕ ಶಿವಾ ಕಾಶೀದ ಪ್ರಾಣ ಕೊಟ್ಟಿದ್ದು, ಕಣಿವೆಯಲ್ಲಿ ಬಾಜಿಪ್ರಭು ನಿಂತಿದ್ದು. ವಿಶಾಳಗಡಕ್ಕೆ ಕಾಡುದಾರಿ ಸುಮಾರು 60 ಕಿ.ಮೀ. ನಿಮ್ಮ ಅಂಗಳದ ಅಳತೆಯಲ್ಲಿ ಅದು ಎರಡೂಮುಕ್ಕಾಲು ಕಿ.ಮೀ. ಮೂರಂಗುಲದ ಆಳುಗಳು ಪಲ್ಲಕ್ಕಿ ಹೊತ್ತು ಕೆಸರಿನಲ್ಲಿ ಅಷ್ಟು ದೂರ ಓಡಬೇಕು ಎಂದು ಲೆಕ್ಕ ಹಾಕಿದ ಹುಡುಗನಿಗೆ ಆ ರಾತ್ರಿಯ ಏದುಸಿರು ಕೇಳಿಸುತ್ತದೆ. ಪಾಠದ ಪುಸ್ತಕದಲ್ಲಿ ಅದು ಒಂದೇ ಸಾಲು.

ಕನ್ನಡದ ಮನೆಯವರಿಗೆ ಇನ್ನೊಂದು ಮಾತು. ಪನ್ಹಾಳ 17ನೆಯ ಶತಮಾನದಲ್ಲಿ ಹುಟ್ಟಿದ್ದಲ್ಲ. ಅಲ್ಲಿ ಕೋಟೆ ಕಟ್ಟಿದವನು 12ನೆಯ ಶತಮಾನದ ಕೊನೆಯ ಕಾಲದ ಶಿಲಾಹಾರ ಅರಸು ಎರಡನೆಯ ಭೋಜ. ಕೊಲ್ಹಾಪುರದ ಶಿಲಾಹಾರರ ಶಾಸನಗಳಲ್ಲಿ ಕನ್ನಡದವು ಬೇಕಾದಷ್ಟಿವೆ. ಆಮೇಲೆ ಯಾದವರು, ಬಹಮನಿಗಳು, ಆದಿಲಶಾಹಿಗಳು, ಮರಾಠರು ಬಂದರು. ಮಹಾರಾಣಿ ತಾರಾಬಾಯಿಯವರ ರಾಜಧಾನಿಯೂ ಅದೇ ಆಯಿತು. 1844ರ ಬಂಡಾಯದಲ್ಲಿ ಇಂಗ್ಲಿಷರ ಪಾಲಾಯಿತು. 2025ರ ಜುಲೈನಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ ಮರಾಠರ 12 ಕೋಟೆಗಳಲ್ಲಿ ಪನ್ಹಾಳವೂ ಒಂದು. ಒಂದೇ ಗುಡ್ಡ, ಹಲವು ಮನೆತನ. ಕಿಲ್ಲಾ ಕಟ್ಟುವ ಹುಡುಗ ‘ಇದು ಯಾವ ವರ್ಷದ ಪನ್ಹಾಳ?’ ಎಂದು ಒಂದು ಚೀಟಿ ಅಂಟಿಸಲಿ. ಅಣ್ಣ 1660ನ್ನು ಕಟ್ಟಿದರೆ ತಂಗಿ ಭೋಜರಾಜನ ಪನ್ಹಾಳ ಕಟ್ಟಲಿ. ತೋಪು ಇಡಬಾರದು ಎಂದು ಅವಳಿಗೆ ತಾನಾಗಿಯೇ ಹೊಳೆದರೆ, ಆ ವರ್ಷದ ದೀಪಾವಳಿ ಸಾರ್ಥಕ.

ಚಿಕ್ಕದಾಗಿ ಮಾಡಿ ತೋರಿಸುವುದು ನಮ್ಮ ಶಿಲ್ಪಿಗಳಿಗೆ ಹೊಸದೂ ಅಲ್ಲ. ಲಕ್ಕುಂಡಿ, ಹಾವೇರಿಗಳ ಗುಡಿಗೋಡೆಯ ಮೇಲೆ ಗೇಣುದ್ದದ ಕಿರುಗುಡಿಗಳನ್ನು ಕಂಡಿದ್ದೀರಾ? ತಮ್ಮ ನಾಡಿನ ಶಿಖರಗಳ ಜೊತೆಗೆ ಉತ್ತರದ ನಾಗರ ಶೈಲಿಯ ಶಿಖರವನ್ನೂ ಕಂಬದ ಮೇಲೆ ಪುಟ್ಟದಾಗಿ ಕಡೆದಿದ್ದಾರೆ, ದೂರದ ಊರಿನ ಗುಡಿಯನ್ನು ಊರವರಿಗೆ ತೋರಿಸಿದ ಹಾಗೆ. ಇಷ್ಟು ದೂರ ಹೋಗುವುದೂ ಬೇಡ. ನಮ್ಮ ತಾಲೂಕಿನ ಖಿದ್ರಾಪುರದಲ್ಲಿ ಕೃಷ್ಣೆಯ ದಂಡೆಯ ಕೋಪೇಶ್ವರ ಗುಡಿಯಿದೆ. ಅದರ ಸ್ವರ್ಗಮಂಟಪಕ್ಕೆ 48 ಕಂಬ, ನೆತ್ತಿಯಲ್ಲಿ ಆಕಾಶಕ್ಕೆ ತೆರೆದ ದುಂಡು ಕಿಂಡಿ. ಕಿಲ್ಲಾ ಕಟ್ಟಿ ಕೈ ಪಳಗಿದವರು ಮುಂದೆ ಅದನ್ನು ಕಟ್ಟಲಿ. ಕಂಬಗಳನ್ನು ಎಣಿಸಿ, ಸಾಲು ಹಿಡಿದು ನಿಲ್ಲಿಸುವಾಗ ಅದು ಹೇಗೆ ನಿಂತಿದೆ ಎಂಬುದು ಕೈಗೆ ತಿಳಿಯುತ್ತದೆ.

ಗಡ, ಗುಡಿ ಬೇಡವೆಂದರೆ ಹಳ್ಳಿಯ ಬದುಕೇ ಇದೆ. ಕೊಲ್ಹಾಪುರದ ಹತ್ತಿರ ಕಣೇರಿ ಮಠದ ಸಿದ್ಧಗಿರಿ ವಸ್ತುಸಂಗ್ರಹಾಲಯವನ್ನು ನಿಮ್ಮಲ್ಲಿ ಅನೇಕರು ನೋಡಿರಬೇಕು. ಕುಂಬಾರ, ಬಡಿಗ, ಕಮ್ಮಾರ ಮುಂತಾದ ಆಯಗಾರರ ಕೆಲಸಗಳೆಲ್ಲ ಅಲ್ಲಿ ಆಳೆತ್ತರದ ಸಿಮೆಂಟು ಮೂರ್ತಿಗಳಲ್ಲಿವೆ. ಅದನ್ನೇ ಮನೆಯಲ್ಲಿ ಗೇಣಳತೆಯಲ್ಲಿ ಮಾಡಬಹುದು. ಒಂದು ಚಕ್ಕಡಿ ಮಾಡಲು ಕೂಡಿ ನೋಡಿ. ನೊಗ ಗೊತ್ತು, ಗಾಲಿ ಗೊತ್ತು. ಮೂಕಿ ಎಲ್ಲಿಂದ ಶುರುವಾಗುತ್ತದೆ? ಗುಂಬಕ್ಕೆ ಅರೆಗಳು ಎಷ್ಟು? ಕಡೆಗೀಲು ಒಳಗೋ ಹೊರಗೋ? ಹಳಿ ಬಿಸಿಯಾಗಿ ಹಾಕುತ್ತಾರೋ ತಣ್ಣಗೋ? ಹುಡುಗ ಎದ್ದು ಅಜ್ಜನ ಹತ್ತಿರ ಹೋಗಲೇಬೇಕು. ಶಾಲೆಯಲ್ಲಿ ಬೇರೆ ಭಾಷೆ ಓದುವ ಮೊಮ್ಮಗನಿಗೆ ಈ ಕನ್ನಡ ಮಾತುಗಳನ್ನು ಕೊಡಲು ಅಜ್ಜನಿಗೆ ಬೇರೆ ನೆಪ ಸಿಗುವುದು ಕಷ್ಟ.

ಕೈಗೆಲಸದ ಎರಡು ಸಂಗತಿ ಹೇಳಿಬಿಡುತ್ತೇನೆ. ನಮ್ಮ ಎರೆಮಣ್ಣು ಒಣಗಿದರೆ ಬಿರುಕು ಬಿಡುತ್ತದೆ. ಕೆಮ್ಮಣ್ಣು ಸಿಗದಿದ್ದರೆ ಮರಳು, ಸಣ್ಣಗೆ ಕತ್ತರಿಸಿದ ಹುಲ್ಲು ಬೆರೆಸಿ ಕಲಸಿ. ಗೊಂಬೆಗೆ ಬಣ್ಣ ಕೊಟ್ಟು ಒಣಗಿದ ಮೇಲೆ, ತೀರ ತೆಳ್ಳಗೆ ಮಾಡಿದ ಕಪ್ಪು ಬಣ್ಣವನ್ನು ಮೇಲೆ ಹರಿಯಬಿಟ್ಟು ಬಟ್ಟೆಯಿಂದ ಒರೆಸಿ. ಪಗಡಿಯ ಮಡಿಕೆಗಳಲ್ಲಿ, ಮೀಸೆಯ ಕೆಳಗೆ ಕಪ್ಪು ನಿಂತು ಮುಖಕ್ಕೆ ಜೀವ ಬರುತ್ತದೆ. ಪ್ಲಾಸ್ಟಿಕ್ ಮಾದರಿ ಮಾಡುವವರ ಉಪಾಯ ಇದು, ಮಣ್ಣಿನ ಮಾವಳನಿಗೂ ಒಪ್ಪುತ್ತದೆ. ಸಾಸಿವೆಯ ಬಗೆಗೆ ಚಿಂತೆ ಬೇಡ. ಎರಡಂಗುಲದ ಮೊಳಕೆ 22ಕ್ಕೆ 1ರ ಲೆಕ್ಕದಲ್ಲಿ ಮೂರೂಮುಕ್ಕಾಲು ಅಡಿ ಹುಲ್ಲು. ಮಳೆ ಮುಗಿದ ಸಹ್ಯಾದ್ರಿಯಲ್ಲಿ ಅಷ್ಟೆತ್ತರದ ಹುಲ್ಲು ಇರುತ್ತದೆ. ಹುಲಿಯನ್ನು ಮಾತ್ರ ಸಣ್ಣದು ನೋಡಿ ಕೊಳ್ಳಿ.

ಹಬ್ಬ ಮುಗಿದು ತುಳಸಿ ಲಗ್ನ ಆಯಿತೆಂದರೆ ಕಿಲ್ಲಾದ ಆಯುಷ್ಯ ಮುಗಿಯಿತು. ಕೆಲವು ಹುಡುಗರು ಉಳಿದ ಪಟಾಕಿ ಹುಗಿದು ಹಾರಿಸುತ್ತಾರೆ, ಅದನ್ನು ತಡೆಯಲು ಯಾರಿಂದಲೂ ಆಗಿಲ್ಲ. ಅದಕ್ಕಿಂತ ಮೊದಲು ನಾಲ್ಕೂ ದಿಕ್ಕಿನಿಂದ ಒಂದೊಂದು ಫೋಟೋ ತೆಗೆದು, ಗಡದ ಹೆಸರು, ವರ್ಷ, ಪ್ರಮಾಣ ಬರೆದಿಡಿಸಿ. ಮಣ್ಣು ಗಿಡದ ಬುಡಕ್ಕೆ ಹೋಗಲಿ. ಗೊಂಬೆಗಳನ್ನು ಹಳೆಯ ಪೇಪರಿನಲ್ಲಿ ಸುತ್ತಿ ಡಬ್ಬಿಗೆ ಹಾಕಿ ಅಟ್ಟದ ಮೇಲೆಯೇ ಇಡಿ. 2019ರಲ್ಲೂ 2021ರಲ್ಲೂ ಮಹಾಪೂರ ಕಂಡ ತಾಲೂಕು ಇದು, ಕೆಳಗಿನ ಮಾಡದಲ್ಲಿ ಬೇಡ.