ಜಮಖಂಡಿಯ ಗ್ರಹಣವೂ ನೀಹಾರಿಕೆಯ ಬಣ್ಣವೂ

ಏಪ್ರಿಲ್ ಮೊದಲ ವಾರ, ಚಂದ್ರನಿಲ್ಲದ ರಾತ್ರಿ, ಹತ್ತು ಗಂಟೆಯ ಸುಮಾರಿಗೆ ಕೋಗಳಿಯ ಕಡೆಯ ಯಾವುದಾದರೊಂದು ಹೊಲದ ಬದುವಿನ ಮೇಲೆ ನಿಂತು ದಕ್ಷಿಣಕ್ಕೆ ಮುಖ ಮಾಡಿ. ದಿಗಂತದಿಂದ ಸುಮಾರು 15 ಡಿಗ್ರಿ ಮೇಲೆ ಮಂಜಿನ ತುಣುಕಿನಂಥ ಮಸಕು ಬೆಳಕೊಂದು ತಮಗೆ ಕಂಡೀತು. ಅದು ಕರೀನಾ ನೀಹಾರಿಕೆ. ಇಂಗ್ಲೆಂಡಿನಲ್ಲಿ ಅದು ಹುಟ್ಟುವುದೇ ಇಲ್ಲ. ಇಂಥ ದಕ್ಷಿಣದ ಆಕಾಶವನ್ನು ಶೋಧಿಸಲೆಂದೇ ಸರ್ ಜಾನ್ ಹರ್ಷಲರು 1834ರಲ್ಲಿ ಸಂಸಾರ ಸಮೇತ ಆಫ್ರಿಕದ ಕೇಪಿಗೆ ಹೋಗಿ ನಾಲ್ಕು ವರ್ಷ ನಿಂತರು. ಅಲ್ಲಿ 1837ರಲ್ಲಿ ಹುಟ್ಟಿದ ಮಗನಿಗೂ ಜಾನ್ ಎಂದೇ ಹೆಸರು. ಮುಂದೆ ಭಾರತದ ತ್ರಿಕೋನಮಿತಿ ಮೋಜಣಿಯಲ್ಲಿ ಅಧಿಕಾರಿಯಾದ ಈ ಮಗನದೇ ನಮ್ಮ ಕಥೆ.

ನೀಹಾರಿಕೆಯೆಂಬುದು ದೂರದ ನಕ್ಷತ್ರಗಳ ಗುಂಪೋ ಬರಿಯ ಅನಿಲವೋ ಎಂಬ ವ್ಯಾಜ್ಯ ಬಹುಕಾಲದ್ದು. 1864ರಲ್ಲಿ ಲಂಡನ್ನಿನ ಹವ್ಯಾಸಿ ವಿಲಿಯಂ ಹಗಿನ್ಸರು ಒಂದು ನೀಹಾರಿಕೆಯ ಬೆಳಕನ್ನು ಪಟ್ಟಕದಲ್ಲಿ ಹಾಯಿಸಿದಾಗ ಕಾಮನಬಿಲ್ಲಿನ ಪಟ್ಟಿಯ ಬದಲು ಬಿಡಿಬಿಡಿಯಾಗಿ ಹೊಳೆವ ಗೆರೆಗಳು ಕಂಡವು. ಅನಿಲವೇ ಸರಿ! ದಕ್ಷಿಣದವೂ ಹಾಗೆಯೇ? ಕಿರಿಯ ಹರ್ಷಲರು ರಾಯಲ್ ಸೊಸೈಟಿಯ ರೋಹಿತದರ್ಶಕದಿಂದ ಭಾರತದಲ್ಲೇ ಅವನ್ನು ಪರೀಕ್ಷಿಸತೊಡಗಿದರು.

1868ರ ಆಗಸ್ಟ್ 18ರ ಖಗ್ರಾಸ ಸೂರ್ಯಗ್ರಹಣಕ್ಕೆ ಅವರು ಬಂದದ್ದು ತುಂಗಭದ್ರೆಯಾಚೆಯ ನಮ್ಮ ಜಮಖಂಡಿಗೆ. ಮಳೆಗಾಲ. ಸೂರ್ಯ ಪೂರ್ತಿ ಮುಚ್ಚಿರುವುದೇ ಐದಾರು ನಿಮಿಷ. ಅದರಲ್ಲೂ ಮೋಡ ಪಾಲು ಕೇಳಿತು. ಮೋಡ ಸರಿದ ಸಂದಿನಲ್ಲಿ ಸೂರ್ಯನಂಚಿನ ಜ್ವಾಲೆಗೆ ರೋಹಿತದರ್ಶಕ ಹಿಡಿದರು. ಮೂರು ಗೆರೆ: ಕೆಂಪು, ಕಿತ್ತಳೆ, ನೀಲಿ. ಜ್ವಾಲೆಯೂ ಅನಿಲವೇ! ಅದೇ ದಿನ ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್ನರೂ ಇಂಥವೇ ಗೆರೆ ಕಂಡರು. ಹೆಸರೆಲ್ಲ ಅವರ ಕಡೆಗೇ ಹೋಯಿತು; ಜಮಖಂಡಿಯನ್ನು ನಾವೂ ಮರೆತೆವು.

ಕೆಂಪು ಗೆರೆ ಜಲಜನಕದ್ದು. ಕಿತ್ತಳೆಯದು, ಆಗಿನ್ನೂ ಭೂಮಿಯ ಮೇಲೆ ಯಾರೂ ಕಂಡಿರದ ಹೀಲಿಯಂನದೆಂದು ಆಮೇಲೆ ತಿಳಿಯಿತು. ಹಗಿನ್ಸರು ಕಂಡ ಹಸಿರು ಗೆರೆಯ ಗುಟ್ಟು ಒಡೆದದ್ದಂತೂ 1927ರಲ್ಲಿ: ಎರಡು ಎಲೆಕ್ಟ್ರಾನು ಕಳೆದುಕೊಂಡ ಆಮ್ಲಜನಕ.

ಇಂಥ ಗೆರೆಗಳನ್ನು ನೆಚ್ಚಿಯೇ ಇಂದಿನ ಹವ್ಯಾಸಿ ದೂರದರ್ಶಕಕ್ಕೂ ಕ್ಯಾಮರಾಕ್ಕೂ ನಡುವೆ ಫಿಲ್ಟರು ಇಡುತ್ತಾನೆ. ಜಲಜನಕಕ್ಕೆ 656.3 ನ್ಯಾನೋಮೀಟರು, ಆಮ್ಲಜನಕಕ್ಕೆ 500.7, ಗಂಧಕಕ್ಕೆ 672ರ ಆಸುಪಾಸು. ತಾವು ರೇಡಿಯೋ ಮುಳ್ಳು ತಿರುಗಿಸಿ ಒಂದೇ ನಿಲಯವನ್ನು ಹಿಡಿಯುವುದಿಲ್ಲವೆ? ಹಾಗೆಯೇ ಇದು ಗೆರೆಯ ಸುತ್ತ ಮೂರರಿಂದ ಏಳು ನ್ಯಾನೋಮೀಟರು ಅಗಲದ ಬೆಳಕನ್ನಷ್ಟೇ ಒಳಬಿಟ್ಟು ಬೀದಿದೀಪದ ಗದ್ದಲವನ್ನು ಬಹುಮಟ್ಟಿಗೆ ಹೊರಗಿಡುತ್ತದೆ. ಬೆಂಗಳೂರಿನ ಮಾಳಿಗೆಯಿಂದಲೂ ಚಿತ್ರ ತೆಗೆಯಬಹುದಾದದ್ದು ಹೀಗೆ. ತಾಳ್ಮೆ ಮಾತ್ರ ಬೇಕು; ಐದೈದು ನಿಮಿಷದ ಚಿತ್ರಗಳನ್ನು ಗಂಟೆಗಟ್ಟಲೆ ತೆಗೆದು ಒಂದರ ಮೇಲೊಂದು ಕೂಡಿಸಬೇಕು. ಕಡೆಗೆ ಗಂಧಕಕ್ಕೆ ಕೆಂಪು, ಜಲಜನಕಕ್ಕೆ ಹಸಿರು, ಆಮ್ಲಜನಕಕ್ಕೆ ನೀಲಿ ಹಚ್ಚುವ ವಾಡಿಕೆಯೊಂದುಂಟು. ಸುಳ್ಳು ಬಣ್ಣವೆಂದು ಮೂಗು ಮುರಿಯುವವರಿದ್ದಾರೆ. ಯಾವ ಅನಿಲ ಎಲ್ಲಿದೆಯೆಂದು ತೋರಿಸುವ ನಕ್ಷೆಯೆಂದುಕೊಂಡು ನೋಡಿ, ಜಗಳವೇ ಇಲ್ಲ.